ಕ್ಯಾನ್ಸಸ್ ಸಿಟಿಯ ಚಳಿಯಲ್ಲಿ ಪೋರ್ಕ್ ರಿಬ್ಸ್: ಸ್ಲೋ ಕುಕ್ಕರ್ ಅಡುಗೆ

ನಮಸ್ಕಾರ. ಇವತ್ತು ನಮ್ಮ ಅಡುಗೆಮನೆಯಲ್ಲಿ ಹಂದಿಯ ಪಕ್ಕೆಲುಬು, ಪೋರ್ಕ್ ರಿಬ್ಸ್. ಕಿಟಕಿಯಾಚೆ ನೋಡಿ, ಹಿತ್ತಿಲ ತುಂಬ ಹಿಮ ಬಿದ್ದಿದೆ. ಬೇಸಿಗೆಯಲ್ಲಾದರೆ ಪಕ್ಕದ ಮನೆಯ ಹಿರಿಯರು ಬೆಳಗ್ಗೆಯೇ ಹಿಕರಿ ಸೌದೆ ಹೊತ್ತಿಸಿ, ಇಡೀ ದಿನ ಕುರ್ಚಿ ಹಾಕಿಕೊಂಡು ರಿಬ್ಸ್ ಕಾಯುತ್ತಾ ಕೂರುತ್ತಾರೆ. ಮಿಸ್ಸೌರಿಯ ಕ್ಯಾನ್ಸಸ್ ಸಿಟಿ ಎಂದರೆ ಅದೇ. ಇಲ್ಲಿ ರಿಬ್ಸ್ ಬಗ್ಗೆ ಮಾತಾಡುವಾಗ ಜನರ ದನಿಯೇ ಬೇರೆಯಾಗುತ್ತದೆ. ನನಗೆ ಹಾಗೆ ಕಾಯುತ್ತಾ ಕೂರುವ ಬಿಡುವಿಲ್ಲ. ಎಂಟಕ್ಕೆ ಮನೆ ಬಿಟ್ಟರೆ ಮರಳುವಾಗ ಕತ್ತಲಾಗಿರುತ್ತದೆ. ಅಂಥ ದಿನದಲ್ಲೂ ಸ್ಲೋ ಕುಕ್ಕರ್‌ನಲ್ಲಿ, ಅಂದರೆ ಕಡಿಮೆ ಕಾವಿನಲ್ಲಿ ಗಂಟೆಗಟ್ಟಲೆ ಬೇಯಿಸುವ ವಿದ್ಯುತ್ ಪಾತ್ರೆಯಲ್ಲಿ, ಒಳ್ಳೆಯ ರಿಬ್ಸ್ ಮಾಡಬಹುದು. ಅದನ್ನು ಇವತ್ತು ಮೊದಲಿನಿಂದ ಕೊನೆಯವರೆಗೆ ತೋರಿಸುತ್ತೇನೆ.

ಮೊದಲು ಮಾಂಸ. ಅಂಗಡಿಯಲ್ಲಿ ಎರಡು ಬಗೆಯ ರಿಬ್ಸ್ ಕಾಣುತ್ತವೆ. ಬೆನ್ನೆಲುಬಿನ ಪಕ್ಕದಲ್ಲಿ ಬರುವ, ಸಣ್ಣದಾಗಿ ಬಾಗಿರುವ ಎಲುಬುಗಳು ಬೇಬಿ ಬ್ಯಾಕ್. ಹೆಸರಿನಲ್ಲಿ ಬೇಬಿ ಇದ್ದರೂ ಅದು ಮರಿಹಂದಿಯ ಮಾಂಸವಲ್ಲ, ಎಲುಬು ಗಿಡ್ಡವಾಗಿರುವುದರಿಂದ ಆ ಹೆಸರು. ಅದಕ್ಕಿಂತ ಕೆಳಗೆ, ಹೊಟ್ಟೆಯ ಕಡೆಗೆ ಬರುವುದು ಸ್ಪೇರ್ ರಿಬ್ಸ್. ಅದರ ತುದಿಯಲ್ಲಿರುವ ಮೆದು ಎಲುಬಿನ ಭಾಗವನ್ನು ಕತ್ತರಿಸಿ ತೆಗೆದು, ಅಂಚನ್ನು ನೇರ ಮಾಡಿ ಮಾರಿದರೆ ಅದಕ್ಕೆ ಸೇಂಟ್ ಲೂಯಿಸ್ ಕಟ್ ಎನ್ನುತ್ತಾರೆ. ನಾನು ತಂದಿರುವುದು ಇದನ್ನು. ಸುಮಾರು ಒಂದೂಕಾಲು ಕಿಲೋ ಇದೆ. ಬೇಬಿ ಬ್ಯಾಕ್ ಬೇಗ ಬೇಯುತ್ತದೆ, ನಿಜ. ಆದರೆ ದಿನವಿಡೀ ಬೇಯುವ ಪಾತ್ರೆಗೆ ಕೊಬ್ಬೂ ನಾರೂ ಹೆಚ್ಚಿರುವ ಸೇಂಟ್ ಲೂಯಿಸ್ ಕಟ್ಟೇ ಸರಿ. ನಾರು ಕಂಡರೆ ಹೆದರಬೇಡಿ, ರುಚಿಯೆಲ್ಲ ಅಲ್ಲೇ ಇದೆ.

ಈಗ ಕ್ಯಾಮೆರಾವನ್ನು ಹತ್ತಿರ ತರುತ್ತೇನೆ, ಏಕೆಂದರೆ ಇದು ಕಣ್ಣಾರೆ ನೋಡಬೇಕಾದ ಕೆಲಸ. ಮಾಂಸವನ್ನು ಮಗುಚಿ, ಎಲುಬಿನ ಕಡೆ ಮೇಲೆ ಬರುವಂತೆ ಹಲಗೆಯ ಮೇಲೆ ಹಾಸಿದ್ದೇನೆ. ಎಲುಬುಗಳ ಮೇಲೆ ಚಂಡೆಗೆ ಚರ್ಮ ಬಿಗಿದ ಹಾಗೆ ಒಂದು ಬಿಳಿ ಪೊರೆ ಹರಡಿಕೊಂಡಿದೆ, ಬೆಳಕಿಗೆ ಸ್ವಲ್ಪ ಹೊಳೆಯುತ್ತಿದೆ. ಎಷ್ಟು ಹೊತ್ತು ಬೇಯಿಸಿದರೂ ಇದು ಮೆತ್ತಗಾಗುವುದಿಲ್ಲ, ಹಲ್ಲಿಗೆ ರಬ್ಬರಿನಂತೆ ಸಿಗುತ್ತದೆ, ಮಸಾಲೆಯನ್ನೂ ಒಳಗೆ ಬಿಡುವುದಿಲ್ಲ. ಒಂದು ತುದಿಯ ಎಲುಬಿನ ಮೇಲೆ ಊಟದ ಚಾಕುವಿನ ಮೊಂಡು ತುದಿಯನ್ನು ಪೊರೆಯ ಕೆಳಗೆ ತೂರಿಸಿ, ನಿಧಾನವಾಗಿ ಮೇಲಕ್ಕೆತ್ತಿ. ಬೆರಳು ಹೋಗುವಷ್ಟು ಜಾಗವಾಯಿತೇ? ಈಗ ಕಾಗದದ ಟವೆಲ್‌ನಿಂದ ಅದನ್ನು ಗಟ್ಟಿಯಾಗಿ ಹಿಡಿಯಿರಿ. ಬರಿಗೈಯಲ್ಲಿ ಹಿಡಿದರೆ ಜಾರುತ್ತದೆ. ಒಂದು ಕೈಯಲ್ಲಿ ಮಾಂಸ ಒತ್ತಿಕೊಂಡು ಇನ್ನೊಂದು ಕೈಯಲ್ಲಿ ಎಳೆಯಿರಿ. ಚರ್ರೆಂದು ಬಂತು ನೋಡಿ, ಉದ್ದಕ್ಕೆ, ಒಂದೇ ಪಟ್ಟಿಯಾಗಿ. ಕೆಲವೊಮ್ಮೆ ನಡುವೆ ಹರಿದು ಎರಡು ಮೂರು ತುಂಡಾಗಿ ಬರುತ್ತದೆ, ಅದಕ್ಕೆ ಚಿಂತೆ ಬೇಡ. ಉಳಿದಲ್ಲಿ ಮತ್ತೆ ಚಾಕು ತೂರಿಸಿ ಎಳೆದರಾಯಿತು. ಅಡುಗೆಯಲ್ಲಿ ಯಾವ ಹಂತವನ್ನು ಬಿಟ್ಟರೂ ಇದನ್ನು ಮಾತ್ರ ಬಿಡಬೇಡಿ.

ಒಣ ಮಸಾಲೆ ಸರಳ. ಎರಡು ದೊಡ್ಡ ಚಮಚ ಬ್ರೌನ್ ಶುಗರ್, ಒಂದು ದೊಡ್ಡ ಚಮಚ ಪ್ಯಾಪ್ರಿಕಾ, ಎರಡು ಚಿಕ್ಕ ಚಮಚ ಉಪ್ಪು, ಅಷ್ಟೇ ಕಾಳುಮೆಣಸಿನ ಪುಡಿ, ಒಂದೊಂದು ಚಿಕ್ಕ ಚಮಚ ಬೆಳ್ಳುಳ್ಳಿ ಪುಡಿ ಮತ್ತು ಸಾಸಿವೆ ಪುಡಿ. ಕಾಳುಮೆಣಸನ್ನು ಆಗಲೇ ಕುಟ್ಟಿಕೊಳ್ಳಿ. ಕೊಡಗಿನಲ್ಲಿ ಬೆಳೆದವಳು ನಾನು, ಹಂದಿಮಾಂಸಕ್ಕೆ ಹಳೆಯ ಮೆಣಸಿನ ಪುಡಿ ಹಾಕಲು ನನಗೆ ಮನಸ್ಸು ಬರುವುದಿಲ್ಲ. ಮಸಾಲೆಯನ್ನು ಎರಡೂ ಬದಿಗೆ ಒತ್ತಿ ಹಚ್ಚಿ, ಮುಚ್ಚಿ ರಾತ್ರಿಯಿಡೀ ಫ್ರಿಜ್‌ನಲ್ಲಿಡುತ್ತೇನೆ. ಉಪ್ಪು ಮಾಂಸದೊಳಗೆ ಇಳಿಯಲು ಅಷ್ಟು ಹೊತ್ತು ಬೇಕು.

ಬೆಳಗ್ಗೆ ಏಳೂಕಾಲು. ಮಾಂಸವನ್ನು ಎರಡು ತುಂಡು ಮಾಡಿದ್ದೇನೆ. ಪಾತ್ರೆಯ ತಳಕ್ಕೆ ದಪ್ಪ ಬಿಲ್ಲೆಗಳಾಗಿ ಹೆಚ್ಚಿದ ಒಂದು ಈರುಳ್ಳಿ. ಅದರ ಮೇಲೆ ರಿಬ್ಸ್ ಅನ್ನು ಮಲಗಿಸುವುದಿಲ್ಲ, ನಿಲ್ಲಿಸುತ್ತೇನೆ: ದಪ್ಪ ತುದಿ ಕೆಳಗೆ, ಮಾಂಸದ ಮುಖ ಪಾತ್ರೆಯ ಗೋಡೆಯ ಕಡೆಗೆ, ಗೋಡೆಯ ಬಾಗಿಗೆ ಹೊಂದಿಕೊಂಡು. ಈ ಪಾತ್ರೆಯಲ್ಲಿ ಕಾವು ಬರುವುದು ಮುಖ್ಯವಾಗಿ ಸುತ್ತಲಿನ ಗೋಡೆಯಿಂದ, ಆದ್ದರಿಂದ ಮಾಂಸ ಅತ್ತ ಮುಖ ಮಾಡಿರಲಿ. ತುಂಡುಗಳನ್ನು ಒಂದರ ಮೇಲೊಂದು ಪೇರಿಸಿದರೆ ಕೆಳಗಿನದು ರಸದಲ್ಲಿ ಮುಳುಗಿ ಬರೀ ಬೆಂದ ಮಾಂಸವಾಗುತ್ತದೆ. ಕಾಲು ಕಪ್ ಸೇಬಿನ ವಿನೆಗರ್ ತಳಕ್ಕೆ, ಅಷ್ಟೇ. ನೀರು ಬೇಡ. ಮುಚ್ಚಿದ ಪಾತ್ರೆಯಿಂದ ಆವಿ ಹೆಚ್ಚು ಹೊರಹೋಗುವುದಿಲ್ಲ, ಮಾಂಸವೇ ಬೇಕಾದಷ್ಟು ರಸ ಬಿಡುತ್ತದೆ. ಇನ್ನೊಂದು ಎಚ್ಚರಿಕೆ: ಫ್ರೀಜರ್‌ನಿಂದ ಕಲ್ಲಿನಂಥ ಮಾಂಸವನ್ನು ತೆಗೆದು ನೇರವಾಗಿ ಇದರೊಳಗೆ ಹಾಕಬೇಡಿ. ಸ್ಲೋ ಕುಕ್ಕರ್ ನಿಧಾನವಾಗಿ ಬಿಸಿಯಾಗುತ್ತದೆ. ಹೆಪ್ಪುಗಟ್ಟಿದ ಮಾಂಸ ಬ್ಯಾಕ್ಟೀರಿಯಾ ಬೆಳೆಯುವ ಉಗುರುಬೆಚ್ಚಗಿನ ಹಂತದಲ್ಲೇ ಬಹಳ ಹೊತ್ತು ಉಳಿದುಬಿಡುತ್ತದೆ. ಹಿಂದಿನ ದಿನವೇ ಫ್ರಿಜ್‌ನಲ್ಲಿಟ್ಟು ಕರಗಿಸಿಕೊಳ್ಳಿ.

ಮುಚ್ಚಳ ಹಾಕಿ, ಗುಂಡಿಯನ್ನು ಲೋ ಕಡೆಗೆ ತಿರುಗಿಸಿ, ಕೋಟು ಹಾಕಿಕೊಂಡು ಹೊರಟೆ.

ಕಾರಿನ ಕಿಟಕಿಯಿಂದ ಊರು ಕಾಣುತ್ತಿರುವಾಗ ಈ ಪಾತ್ರೆಯ ಕಥೆ ಹೇಳುತ್ತೇನೆ, ಏಕೆಂದರೆ ಅದು ಈ ಊರಿಗೇ ಸೇರಿದ್ದು. ಇರ್ವಿಂಗ್ ನ್ಯಾಕ್ಸನ್ ಎಂಬ ಸಂಶೋಧಕರ ತಾಯಿ ಮೂಲತಃ ಲಿಥುವೇನಿಯಾದವರು. ಅಲ್ಲಿನ ವಿಲ್ನಿಯಸ್ ನಗರದ ಯಹೂದಿ ಮನೆಗಳಲ್ಲಿ ಶುಕ್ರವಾರ ಸಂಜೆ ಸಬ್ಬತ್, ಅಂದರೆ ವಾರದ ವಿಶ್ರಾಂತಿಯ ದಿನ, ಶುರುವಾದ ಮೇಲೆ ಒಲೆ ಹಚ್ಚುವಂತಿರಲಿಲ್ಲ. ಅದಕ್ಕಾಗಿ ಕಾಳು, ಆಲೂಗಡ್ಡೆ, ಮಾಂಸ ಹಾಕಿದ ಚೋಲೆಂಟ್ ಎಂಬ ಅಡುಗೆಯ ಮಡಕೆಯನ್ನು ಸೂರ್ಯ ಮುಳುಗುವ ಮೊದಲೇ ಬೇಕರಿಗೆ ಒಯ್ದು ಕೊಡುತ್ತಿದ್ದರು. ಆರುತ್ತಿರುವ ಒಲೆಯ ಕಾವಿನಲ್ಲಿ ಅದು ರಾತ್ರಿಯಿಡೀ ಬೇಯುತ್ತಿತ್ತು. ತಾಯಿ ಹೇಳಿದ ಈ ಕಥೆಯೇ ನ್ಯಾಕ್ಸನ್‌ಗೆ ಪ್ರೇರಣೆ. 1940ರಲ್ಲಿ ಅವರಿಗೆ ವಿದ್ಯುತ್ ಪಾತ್ರೆಯ ಪೇಟೆಂಟ್ ಸಿಕ್ಕಿತು. 1970ರಲ್ಲಿ ಅವರ ಕಂಪನಿಯನ್ನು ಕೊಂಡದ್ದು ಇದೇ ಕ್ಯಾನ್ಸಸ್ ಸಿಟಿಯ ರೈವಲ್ ಕಂಪನಿ. ಮರುವರ್ಷ ಅದು ಕ್ರಾಕ್ ಪಾಟ್ ಎಂಬ ಹೆಸರಿನಲ್ಲಿ ಅಂಗಡಿಗೆ ಬಂತು. ಹೊರಗೆ ದುಡಿಯುವ ಹೆಂಗಸರ ಸಂಖ್ಯೆ ಅಮೆರಿಕದಲ್ಲಿ ಏರುತ್ತಿದ್ದ ಕಾಲ ಅದು. ಸಂಜೆ ಬಾಗಿಲು ತೆರೆದರೆ ಬಿಸಿ ಊಟ ಸಿದ್ಧವಾಗಿರುತ್ತದೆ ಎಂಬ ಮಾತಿಗೆ ಅಂದು ಎಷ್ಟು ಬೆಲೆಯಿತ್ತು ಎನ್ನುವುದು ಇವತ್ತಿಗೂ ಕೆಲಸ ಮುಗಿಸಿ ಬಸವಳಿದು ಬರುವ ಯಾರಿಗಾದರೂ ಗೊತ್ತಾಗುತ್ತದೆ.

ಈ ಊರಿನ ರಿಬ್ಸ್‌ಗೆ ಅದಕ್ಕಿಂತ ಹಿಂದಿನ ಚರಿತ್ರೆಯಿದೆ. ಇಲ್ಲಿ ದನ, ಹಂದಿಗಳ ದೊಡ್ಡ ಸಂತೆ, ಸ್ಟಾಕ್‌ಯಾರ್ಡ್, 1871ರಲ್ಲಿ ಶುರುವಾಯಿತು. ಅದರ ಸುತ್ತ ಮಾಂಸದ ಕಾರ್ಖಾನೆಗಳು ಬೆಳೆದವು. ಎಲುಬಿನ ಭಾಗಗಳು ಅಗ್ಗಕ್ಕೆ ಸಿಗುತ್ತಿದ್ದವು. ಟೆನೆಸಿಯಿಂದ ಬಂದ ಹೆನ್ರಿ ಪೆರಿ ಎಂಬ ಕಪ್ಪು ಅಡುಗೆಯವರು 1908ರ ಹೊತ್ತಿಗೆ ಪೇಟೆಯ ಗಲ್ಲಿಯೊಂದರಲ್ಲಿ ಸೌದೆಯ ಹೊಗೆಯಲ್ಲಿ ಮಾಂಸ ಬೇಯಿಸಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ ಮಾರುತ್ತಿದ್ದರು. ಇಲ್ಲಿನ ಬಾರ್ಬೆಕ್ಯೂಗೆ ಅವರೇ ಪಿತಾಮಹ. ಅವರ ಬಳಿ ಕಲಿತ ಚಾರ್ಲಿ ಬ್ರಯಂಟ್, ಆಮೇಲೆ ಚಾರ್ಲಿಯ ತಮ್ಮ ಆರ್ಥರ್ ಬ್ರಯಂಟ್, ಹೀಗೆ ಕೈಯಿಂದ ಕೈಗೆ ದಾಟಿದ ವಿದ್ಯೆ ಇದು. ಪೆರಿಯವರ ಸಾಸ್ ಮೆಣಸಿನ ಖಾರದ್ದು. ಇವತ್ತು ಜಗತ್ತು ಕ್ಯಾನ್ಸಸ್ ಸಿಟಿ ಸಾಸ್ ಎಂದು ಗುರುತಿಸುವ ದಪ್ಪ, ಸಿಹಿ, ಟೊಮೆಟೊ ಮತ್ತು ಕಾಕಂಬಿಯ ಸಾಸ್ ಆಮೇಲಿನದು.

ನಾವು ಹೊರಗಿರುವಾಗ ಪಾತ್ರೆಯೊಳಗೆ ಏನಾಗುತ್ತಿದೆ? ಹಂದಿಮಾಂಸದ ಒಳಗಿನ ಕಾವು 63 ಡಿಗ್ರಿ ಸೆಲ್ಸಿಯಸ್ ತಲುಪಿ, ಮೂರು ನಿಮಿಷ ಹಾಗೆಯೇ ಇದ್ದರೆ ತಿನ್ನಲು ಸುರಕ್ಷಿತ ಎಂದು ಅಮೆರಿಕದ ಕೃಷಿ ಇಲಾಖೆ ಹೇಳುತ್ತದೆ. ಆದರೆ ಆ ಹಂತದಲ್ಲಿ ರಿಬ್ಸ್ ತಿಂದರೆ ದವಡೆ ನೋಯುತ್ತದೆ. ಎಲುಬಿಗೆ ಅಂಟಿಕೊಂಡ ಮಾಂಸದ ತುಂಬ ಕೊಲಾಜನ್ ಎಂಬ ಗಟ್ಟಿ ನಾರು ಇರುತ್ತದೆ. 70 ಡಿಗ್ರಿ ದಾಟಿದ ಮೇಲೆ ಅದು ಮೆಲ್ಲಮೆಲ್ಲಗೆ ಕರಗಿ ಜೆಲಾಟಿನ್ ಆಗುತ್ತಾ ಹೋಗುತ್ತದೆ. ಮಾಂಸದ ಕಾವು 90ರಿಂದ 95 ಡಿಗ್ರಿಯ ಹತ್ತಿರ ಬಂದಾಗ ಬೆರಳಿಗೆ ಅಂಟುವ, ತುಟಿಗೆ ಹತ್ತುವ ಆ ಮೃದುತನ ಸಿಗುತ್ತದೆ. ಇದಕ್ಕೆ ಬೇಕಾದದ್ದು ಜೋರು ಬೆಂಕಿಯಲ್ಲ, ಹೊತ್ತು. ಲೋ, ಹೈ ಎರಡರಲ್ಲೂ ಪಾತ್ರೆ ಕೊನೆಗೆ ಮುಟ್ಟುವುದು ಕುದಿಯುವುದಕ್ಕಿಂತ ತುಸು ಕೆಳಗಿನ ಕಾವನ್ನೇ, ಬೇಗ ಮುಟ್ಟುತ್ತದೋ ನಿಧಾನವಾಗಿ ಮುಟ್ಟುತ್ತದೋ ಎಂಬುದಷ್ಟೇ ವ್ಯತ್ಯಾಸ. ಹೈನಲ್ಲಿ ನಾಲ್ಕು ಗಂಟೆ ಸಾಕು, ಲೋನಲ್ಲಿ ಏಳರಿಂದ ಎಂಟು. ಬಿಡುವಿನ ದಿನವಾದರೂ ನಾನು ಲೋ ಬಿಟ್ಟು ಕದಲುವುದಿಲ್ಲ. ಮನೆಯಲ್ಲಿರುವವರಿಗೆ ಒಂದು ಮಾತು: ಘಮ ಬಂತೆಂದು ಮುಚ್ಚಳ ತೆರೆದು ನೋಡಬೇಡಿ. ಒಮ್ಮೆ ತೆರೆದರೆ ಹೋದ ಕಾವು ಮರಳಲು ಇಪ್ಪತ್ತು ನಿಮಿಷವಾದರೂ ಬೇಕು.

ಸಂಜೆ. ಬಾಗಿಲು ತೆರೆದ ಕೂಡಲೇ ಈರುಳ್ಳಿ ಮತ್ತು ಮೆಣಸಿನ ಘಮ ಮೆಟ್ಟಿಲವರೆಗೆ ಬಂದಿದೆ. ಈಗ ಮುಚ್ಚಳ ತೆಗೆಯೋಣ. ಎಲುಬಿನ ತುದಿ ನೋಡಿ, ಮಾಂಸ ಹಿಂದಕ್ಕೆ ಸರಿದು ಅರ್ಧ ಬೆರಳಿನಷ್ಟು ಬಿಳಿ ಕಾಣುತ್ತಿದೆ. ಎರಡು ಎಲುಬುಗಳ ನಡುವೆ ಫೋರ್ಕ್ ಚುಚ್ಚಿ ತಿರುಗಿಸುತ್ತೇನೆ, ತಡೆಯಿಲ್ಲದೆ ತಿರುಗಿತು. ಇಲ್ಲಿಗೆ ಸಾಕು. ಎಲುಬು ಮುಟ್ಟಿದರೆ ಮಾಂಸ ಉದುರಿಬೀಳಬೇಕು ಎಂದು ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಈ ಊರಿನ ಬಾರ್ಬೆಕ್ಯೂ ಸ್ಪರ್ಧೆಗಳ ತೀರ್ಪುಗಾರರೂ ಒಪ್ಪುವುದಿಲ್ಲ. ಕಚ್ಚಿದಾಗ ಕಚ್ಚಿದಷ್ಟು ಮಾತ್ರ ಸಲೀಸಾಗಿ ಬಂದು, ಉಳಿದದ್ದು ಎಲುಬಿನ ಮೇಲೆಯೇ ಇರಬೇಕು. ಆ ಹದದಲ್ಲಿ ಮಾಂಸಕ್ಕೆ ಎಳೆಯೂ ಇರುತ್ತದೆ, ರಸವೂ ಇರುತ್ತದೆ. ಅದನ್ನು ದಾಟಿ ಒಂಬತ್ತು ಹತ್ತು ಗಂಟೆ ಬೇಯಿಸಿದರೆ ಬಾಯಲ್ಲಿ ಹಿಟ್ಟು ಹಿಟ್ಟಾಗುತ್ತದೆ. ತಡವಾಗಿ ಬರುವವರು ಟೈಮರ್ ಇರುವ ಕುಕ್ಕರ್ ಕೊಳ್ಳಿ, ಹೊತ್ತಾದ ಮೇಲೆ ಅದೇ ವಾರ್ಮ್‌ಗೆ ಇಳಿಯುತ್ತದೆ.

ತುಂಡುಗಳನ್ನು ಎರಡು ಸಟ್ಟುಗಗಳಿಂದ ಹುಷಾರಾಗಿ ಎತ್ತಿ ತಟ್ಟೆಗೆ ತೆಗೆದಿದ್ದೇನೆ. ಬಣ್ಣ ಸಪ್ಪೆಯಾಗಿದೆ, ಹೌದು. ಆವಿಯಲ್ಲಿ ಬೆಂದ ಮಾಂಸ ಕಂದಾಗುವುದಿಲ್ಲ. ಅದಕ್ಕೇ ಮುಂದಿನ ಕೆಲಸ. ಪಾತ್ರೆಯ ರಸವನ್ನು ಸೋಸಿ, ಮೇಲಿನ ಕೊಬ್ಬನ್ನು ಸೌಟಿನಿಂದ ತೆಗೆದು, ಅರ್ಧ ಕಪ್ ಬಾಣಲೆಗೆ ಹಾಕುತ್ತೇನೆ. ಇದಕ್ಕೆ ಮುಕ್ಕಾಲು ಕಪ್ ಟೊಮೆಟೊ ಕೆಚಪ್, ಎರಡು ದೊಡ್ಡ ಚಮಚ ಕಾಕಂಬಿ, ಒಂದು ಚಮಚ ಸಾಸಿವೆ ಪೇಸ್ಟ್, ಇನ್ನಷ್ಟು ಕಾಳುಮೆಣಸು. ಚಮಚದ ಬೆನ್ನಿಗೆ ಅಂಟಿ ನಿಲ್ಲುವವರೆಗೆ ಕುದಿಯಲಿ. ಕೊನೆಗೆ ನನ್ನ ಸೇರ್ಪಡೆ ಒಂದಿದೆ. ಈ ಪುಟ್ಟ ಬಾಟಲಿಯಲ್ಲಿರುವ ಕಪ್ಪು ದ್ರವ ಕಾಚಂಪುಳಿ. ಪುಳಿಹಣ್ಣಿನ ರಸವನ್ನು ಕಾಯಿಸಿ ಕಾಯಿಸಿ ಗಟ್ಟಿ ಮಾಡಿದ ಕೊಡಗಿನ ಹುಳಿ. ನಮ್ಮಲ್ಲಿ ಕೈಲ್ ಮುಹೂರ್ತದ ಹಬ್ಬಕ್ಕೆ ಮಾಡುವ ಪಂದಿಕರಿಗೆ ಕೊನೆಯಲ್ಲಿ ಇದನ್ನು ಹಾಕದಿದ್ದರೆ ಅದು ಪಂದಿಕರಿಯೇ ಅಲ್ಲ. ಕಾಕಂಬಿಯ ಸಿಹಿಯ ಪಕ್ಕದಲ್ಲಿ ಅರ್ಧ ಚಿಕ್ಕ ಚಮಚ ಕಾಚಂಪುಳಿ ಸಾಸ್ ಅನ್ನು ಎಷ್ಟು ಎತ್ತರಕ್ಕೆ ಒಯ್ಯುತ್ತದೆ ಎನ್ನುವುದನ್ನು ನೀವೇ ರುಚಿ ನೋಡಬೇಕು. ಇದಿಲ್ಲದವರು ವಿನೆಗರ್ ಹಾಕಬಹುದು. ಹುಳಿ ಸಿಗುತ್ತದೆ, ಆ ಹೊಗೆಯಾಡಿದಂಥ ಆಳ ಸಿಗುವುದಿಲ್ಲ.

ಮಾಂಸದ ಮುಖದ ಮೇಲೆ ಸಾಸ್ ಬಳಿದು, ಓವನ್‌ನಲ್ಲಿ ಮೇಲಿನ ಕಾವಿನ ಕೆಳಗೆ, ಒಂದು ಗೇಣಿನಷ್ಟು ಅಂತರದಲ್ಲಿ ಇಡುತ್ತೇನೆ. ನಾಲ್ಕೈದು ನಿಮಿಷ, ಅಷ್ಟೇ. ಓವನ್ ಮುಂದೆಯೇ ನಿಂತಿರಿ, ಫೋನ್ ಎತ್ತಿಕೊಳ್ಳಬೇಡಿ. ಗಾಜಿನಾಚೆ ನೋಡಿ: ಮೊದಲು ಸಾಸ್ ಹೊಳಪು ಕಳೆದುಕೊಳ್ಳುತ್ತದೆ, ಆಮೇಲೆ ಸಣ್ಣ ಗುಳ್ಳೆಗಳು ಏಳುತ್ತವೆ, ಗುಳ್ಳೆಗಳ ಅಂಚು ಕಪ್ಪಗಾಗುತ್ತದೆ. ಅಲ್ಲಿಂದ ಸೀದುಹೋಗಲು ಅರೆ ನಿಮಿಷ ಸಾಕು. ಈಗ ಹೊರಗೆ ತೆಗೆದು ಇನ್ನೊಂದು ಕೋಟು ಸಾಸ್ ಬಳಿದು ಮತ್ತೆ ಎರಡು ನಿಮಿಷ ಇಟ್ಟಿದ್ದೇನೆ. ಬಣ್ಣ ಬಂತು.

ಇದು ಬಾರ್ಬೆಕ್ಯೂ ಅಲ್ಲ. ಇದನ್ನು ಬಾರ್ಬೆಕ್ಯೂ ಎಂದು ಪಕ್ಕದ ಮನೆಯವರ ಮುಂದೆ ನಾನು ಎಂದೂ ಹೇಳುವುದಿಲ್ಲ. ಹೊಗೆ ಕೊಡುವ ಗುಲಾಬಿ ಅಂಚು, ಮಸಾಲೆ ಒಣಗಿ ಕಟ್ಟುವ ಕಪ್ಪು ಹೊರಪದರ, ಇವೆರಡೂ ಸೌದೆಯ ಮುಂದೆ ಕೂತವರಿಗೆ ಮಾತ್ರ. ಬಾಟಲಿಯಲ್ಲಿ ಸಿಗುವ ದ್ರವ ರೂಪದ ಹೊಗೆಯನ್ನು 1895ರಲ್ಲಿ ಮಾರುಕಟ್ಟೆಗೆ ತಂದ ಅರ್ನೆಸ್ಟ್ ರೈಟ್ ಕೂಡ ಇದೇ ಊರಿನವರು. ಆದರೂ ನಾನು ಅದನ್ನು ಹಾಕುವುದಿಲ್ಲ. ನಿಧಾನವಾಗಿ ಬೆಂದ ಮಾಂಸಕ್ಕೆ ತನ್ನದೇ ರುಚಿಯಿದೆ, ಅದನ್ನು ಬೇರೆಯದರಂತೆ ತೋರಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಕರ್ನಾಟಕದಿಂದ ನೋಡುತ್ತಿರುವವರಿಗೆ ಎರಡು ಮಾತು. ಅಮೆರಿಕದಿಂದ ಯಾರಾದರೂ ತರುವ ಸ್ಲೋ ಕುಕ್ಕರ್ 120 ವೋಲ್ಟ್‌ನದ್ದು. ನಮ್ಮ 230 ವೋಲ್ಟ್ ಪ್ಲಗ್‌ಗೆ ಅದನ್ನು ಹಾಕಬೇಡಿ. ಬದಲಿಗೆ ಭಾರವಾದ ಮುಚ್ಚಳವಿರುವ ದಪ್ಪ ತಳದ ಪಾತ್ರೆಯಲ್ಲಿ, 140 ಡಿಗ್ರಿಯ ಓವನ್‌ನಲ್ಲಿ ಎರಡೂವರೆಯಿಂದ ಮೂರು ಗಂಟೆ ಇಟ್ಟರೆ ಇದೇ ಹದ ಬರುತ್ತದೆ. ಓವನ್ ಇಲ್ಲದವರು ಅದೇ ಪಾತ್ರೆಯನ್ನು ಅತಿ ಸಣ್ಣ ಉರಿಯ ಮೇಲೆ, ಕೆಳಗೊಂದು ಹಳೆಯ ದೋಸೆ ಕಾವಲಿ ಇಟ್ಟು ಬೇಯಿಸಿ. ಒಲೆಯ ಮೇಲೆ ಮಾತ್ರ ಅರ್ಧ ಕಪ್ ನೀರು ಬೇಕು. ಮಾಂಸದಂಗಡಿಯಲ್ಲಿ ಮೊದಲೇ ಹೇಳಿಬಿಡಿ, ಎಲುಬನ್ನು ಅಡ್ಡಕ್ಕೆ ಕಡಿಯದೆ ಇಡಿಯಾಗಿ ಕೊಡಿ ಎಂದು. ಕೇಳದಿದ್ದರೆ ಅವರು ಸಾರಿನ ತುಂಡು ಮಾಡಿಬಿಡುತ್ತಾರೆ.

ಹತ್ತು ನಿಮಿಷ ಆರಿದ ಮೇಲೆ ಎಲುಬುಗಳ ನಡುವೆ ಚಾಕು ಇಳಿಸಿ ಬಿಡಿಬಿಡಿ ಮಾಡುತ್ತಿದ್ದೇನೆ. ಇಲ್ಲಿನವರು ಇದಕ್ಕೆ ಬಿಳಿ ಬ್ರೆಡ್, ಉಪ್ಪಿನಕಾಯಿಯಾದ ಸೌತೆಕಾಯಿ ಇಟ್ಟುಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಅದರ ಜೊತೆಗೆ ಕಡಂಬುಟ್ಟು ಇದೆ, ಸಾಸ್ ಒರೆಸಿ ತಿನ್ನಲು ಅಕ್ಕಿತರಿಯ ಉಂಡೆಗಿಂತ ಒಳ್ಳೆಯದು ನನಗೆ ಬೇರೆ ಗೊತ್ತಿಲ್ಲ. ಉಳಿದ ರಸವನ್ನು ಚೆಲ್ಲಬೇಡಿ. ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಟ್ಟರೆ ಬೆಳಗ್ಗೆ ಕೊಬ್ಬು ಮೇಲೆ ಗಟ್ಟಿಯಾಗಿರುತ್ತದೆ, ಕೆಳಗೆ ಜೆಲಾಟಿನ್ ಹೆಪ್ಪಾಗಿರುತ್ತದೆ. ಆ ಕೊಬ್ಬಿನಲ್ಲಿ ಆಲೂಗಡ್ಡೆ ಹುರಿಯಿರಿ, ಕೆಳಗಿನದನ್ನು ಮೂರ್ನಾಲ್ಕು ದಿನದೊಳಗೆ ಯಾವುದಾದರೂ ಕಾಳಿನ ಸಾರಿಗೆ ಹಾಕಿ ಚೆನ್ನಾಗಿ ಕುದಿಸಿ.