ತೆರವಿನ ಸರದಿಯಲ್ಲಿ ಪರದೇಶದವರ ಹಕ್ಕು

ಕೇಳುಗರೇ, ನಮಸ್ಕಾರ.

2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ಪೂರ್ಣ ಪ್ರಮಾಣದ ದಾಳಿ ಆರಂಭಿಸಿದಾಗ, ಭಾರತ, ನೈಜೀರಿಯಾ, ಮೊರಾಕ್ಕೊ ಮೊದಲಾದ ದೇಶಗಳ ಹತ್ತಾರು ಸಾವಿರ ವಿದ್ಯಾರ್ಥಿಗಳು ಅಲ್ಲಿ ಓದುತ್ತಿದ್ದರು. ಪಶ್ಚಿಮದ ಗಡಿಯತ್ತ ಹೊರಟ ಅವರಲ್ಲಿ ಅನೇಕರನ್ನು ಲ್ವಿವ್ ನಿಲ್ದಾಣದಲ್ಲಿ ರೈಲು ಹತ್ತದಂತೆ ತಡೆಯಲಾಯಿತೆಂದೂ, ಪೋಲೆಂಡಿನತ್ತ ಸಾಗುವ ಗಡಿಯಲ್ಲಿ ಬೇರೆ ಸಾಲು ಮಾಡಿ ಕೊರೆಯುವ ಚಳಿಯಲ್ಲಿ ನಿಲ್ಲಿಸಲಾಯಿತೆಂದೂ ವರದಿಗಳು ಬಂದವು. ನಾಲ್ಕೇ ದಿನಗಳಲ್ಲಿ ಆಫ್ರಿಕನ್ ಒಕ್ಕೂಟವು, ಹೀಗೆ ಆಫ್ರಿಕದವರನ್ನು ಬೇರ್ಪಡಿಸುವುದು ಆಘಾತಕಾರಿಯಾದ ಜನಾಂಗೀಯ ವರ್ತನೆ, ಅಂತರರಾಷ್ಟ್ರೀಯ ಕಾನೂನಿನ ಉಲ್ಲಂಘನೆ ಎಂದು ಹೇಳಿತು. ಹಾಗಾದರೆ ಆ ಕಾನೂನು ಯಾವುದು, ರೈಲಿನ ಬಾಗಿಲವರೆಗೆ ಅದು ಎಷ್ಟರ ಮಟ್ಟಿಗೆ ತಲುಪುತ್ತದೆ ಎಂಬುದನ್ನು ಇಂದು ನೋಡೋಣ.

ನಾಗರಿಕರ ರಕ್ಷಣೆಗಾಗಿ 1949ರಲ್ಲಿ ರೂಪುಗೊಂಡ ನಾಲ್ಕನೆಯ ಜಿನೀವಾ ಒಪ್ಪಂದದ 38ನೆಯ ವಿಧಿಯಲ್ಲಿ ಇಲ್ಲಿಗೆ ಸಲ್ಲುವ ಎರಡು ಮಾತುಗಳಿವೆ. ಯುದ್ಧದ ಅಪಾಯಕ್ಕೆ ವಿಶೇಷವಾಗಿ ಒಡ್ಡಿಕೊಂಡ ಪ್ರದೇಶದಲ್ಲಿ ವಾಸಿಸುವ ಪರದೇಶದವರಿಗೆ, ಅಲ್ಲಿಂದ ಹೊರಡಲು ಆ ದೇಶದ ಪ್ರಜೆಗಳಿಗಿರುವಷ್ಟೇ ಅವಕಾಶವಿರಬೇಕು ಎಂಬುದು ಮೊದಲನೆಯದು. ಹದಿನೈದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ಏಳು ವರ್ಷದೊಳಗಿನ ಮಕ್ಕಳಿರುವ ತಾಯಂದಿರು, ಇವರಿಗೆ ಕೊಡುವ ಯಾವುದೇ ಆದ್ಯತೆಯು ಸ್ವದೇಶದವರಿಗೂ ಪರದೇಶದವರಿಗೂ ಒಂದೇ ಸಮನಾಗಿ ಸಲ್ಲಬೇಕು ಎಂಬುದು ಎರಡನೆಯದು. ‘ಹೆಂಗಸರು ಮಕ್ಕಳು ಮೊದಲು’ ಎಂಬ ಆಜ್ಞೆಯಲ್ಲಿ ತಪ್ಪೇನೂ ಇಲ್ಲ. ಅಗತ್ಯ ಹೆಚ್ಚಿರುವವರನ್ನು ಮುಂದೆ ಕಳಿಸುವುದು ತಾರತಮ್ಯವಾಗುವುದಿಲ್ಲ. ಆದರೆ ಮಗುವನ್ನೆತ್ತಿಕೊಂಡ ಪರದೇಶದ ತಾಯಿಯನ್ನು ಬದಿಗೆ ಸರಿಸಿ ಅದೇ ಸ್ಥಿತಿಯ ಇನ್ನೊಬ್ಬ ತಾಯಿಯನ್ನು ಹತ್ತಿಸಿದ ಕ್ಷಣದಲ್ಲಿ, ಅಲ್ಲಿ ನಡೆಯುತ್ತಿರುವುದು ಅಗತ್ಯದ ಲೆಕ್ಕವಲ್ಲ, ಮುಖ ನೋಡಿ ಮಣೆ ಹಾಕುವ ಲೆಕ್ಕ ಎಂಬುದು ಬಯಲಾಗುತ್ತದೆ. ಕಾನೂನಿಗೆ ಬೇಕಾದ ಪರೀಕ್ಷೆ ಇದೇ ಎಂದು ನಾನು ನಂಬಿದ್ದೇನೆ.

ಇಲ್ಲೊಂದು ತೊಡಕಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಯುದ್ಧನಿರತ ದೇಶದ ನೆಲದಲ್ಲಿರುವ ತಟಸ್ಥ ದೇಶದ ಪ್ರಜೆಗಳಿಗೆ, ಅವರ ದೇಶದ ರಾಯಭಾರ ವ್ಯವಸ್ಥೆ ಎಂದಿನಂತೆ ಇರುವವರೆಗೆ, ಇದೇ ಒಪ್ಪಂದದ 4ನೆಯ ವಿಧಿಯು ‘ಸಂರಕ್ಷಿತ ವ್ಯಕ್ತಿ’ಗಳ, ಅಂದರೆ 38ನೆಯ ವಿಧಿಯಂಥ ರಕ್ಷಣೆಗೆ ಅರ್ಹರಾದವರ, ಸ್ಥಾನವನ್ನು ಕೊಡುವುದಿಲ್ಲ. ಅವರನ್ನು ಅವರ ರಾಯಭಾರಿಯೇ ನೋಡಿಕೊಳ್ಳುತ್ತಾನೆ ಎಂಬುದು ಆ ಕಾಲದವರ ಊಹೆ. ಬಾಂಬು ಬೀಳುವ ನಗರದಲ್ಲಿ ನೆಲಮಾಳಿಗೆ ಸೇರಿದ ವಿದ್ಯಾರ್ಥಿಗೆ ನೂರಾರು ಕಿಲೋಮೀಟರ್ ದೂರದ ರಾಯಭಾರ ಕಚೇರಿ ಎಷ್ಟು ಆಸರೆಯಾದೀತು? ಅಂದರೆ 38ನೆಯ ವಿಧಿಯ ನೆರವು ಯಾರಿಗೆ ಅತ್ಯಗತ್ಯವಾಗಿತ್ತೋ, ಅವರೇ ಅದರ ಅಕ್ಷರಾರ್ಥದಿಂದ ಹೊರಗುಳಿದರು.

ಈ ಬಿರುಕನ್ನು ತುಂಬುವ ನಿಯಮಗಳು ಬೇರೆ ಕಡೆ ಇವೆ. ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲನೆಯ ಹೆಚ್ಚುವರಿ ಪ್ರೋಟೋಕಾಲಿನ 75ನೆಯ ವಿಧಿ, ಹೆಚ್ಚಿನ ರಕ್ಷಣೆಯಿಲ್ಲದ ಪ್ರತಿಯೊಬ್ಬರನ್ನೂ ಜನಾಂಗ, ಬಣ್ಣ, ರಾಷ್ಟ್ರೀಯ ಮೂಲ ಮುಂತಾದ ಭೇದವೆಣಿಸದೆ ಮಾನವೀಯವಾಗಿ ನಡೆಸಿಕೊಳ್ಳಬೇಕೆಂದು ವಿಧಿಸುತ್ತದೆ. 1965ರ ಜನಾಂಗೀಯ ತಾರತಮ್ಯ ನಿವಾರಣಾ ಒಪ್ಪಂದವು ಯಾವುದೇ ದೇಶವನ್ನು ಬಿಟ್ಟು ಹೊರಡುವ ಹಕ್ಕನ್ನು ಹೆಸರಿಸಿಯೇ ಸಮಾನತೆಯ ಚೌಕಟ್ಟಿಗೆ ತರುತ್ತದೆ. ಅದು ಪ್ರಜೆಗಳು ಮತ್ತು ಪ್ರಜೆಗಳಲ್ಲದವರ ನಡುವಣ ವ್ಯತ್ಯಾಸವನ್ನು ಒಪ್ಪುತ್ತದೆ ನಿಜ. ಆದರೆ ಆ ವಿನಾಯಿತಿಯನ್ನು ಜನಾಂಗಭೇದಕ್ಕೆ ಹೊದಿಕೆಯಾಗಿ ಬಳಸಲಾಗದು ಎಂದು ಅದರ ಸಮಿತಿ 2004ರಲ್ಲಿ ಸ್ಪಷ್ಟಪಡಿಸಿದೆ. ತುರ್ತು ಪರಿಸ್ಥಿತಿಯಲ್ಲಿ ಕೆಲವು ಹಕ್ಕುಗಳನ್ನು ತಡೆಹಿಡಿಯಲು 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಪ್ಪಂದದಲ್ಲಿ ಅವಕಾಶವಿದ್ದರೂ, ಆ ಕ್ರಮಗಳು ಕೇವಲ ಜನಾಂಗ ಅಥವಾ ಬಣ್ಣದ ಆಧಾರದ ಮೇಲೆ ಭೇದ ಮಾಡುವಂತಿಲ್ಲ.

ಗಡಿ ದಾಟಿದ ಮೇಲೂ ಪ್ರಶ್ನೆ ಮುಗಿಯುವುದಿಲ್ಲ. ಐರೋಪ್ಯ ಒಕ್ಕೂಟ 2022ರ ಮಾರ್ಚ್ 4ರಂದು ಜಾರಿಗೆ ತಂದ ತಾತ್ಕಾಲಿಕ ರಕ್ಷಣೆ ಉಕ್ರೇನಿನ ಪ್ರಜೆಗಳಿಗೆ ನೇರವಾಗಿ ದೊರೆಯಿತು. ತಾತ್ಕಾಲಿಕ ಪರವಾನಗಿಯ ಮೇಲೆ ಓದುತ್ತಿದ್ದ ಪರದೇಶದ ವಿದ್ಯಾರ್ಥಿಗಳ ವಿಷಯವನ್ನು ಆಯಾ ಸದಸ್ಯ ದೇಶಗಳ ವಿವೇಚನೆಗೆ ಬಿಡಲಾಯಿತು.

ತಡೆಯುವವನು ಯಾವಾಗಲೂ ಸಮವಸ್ತ್ರದಲ್ಲೇ ಇರುತ್ತಾನೆಂದೂ ಅಲ್ಲ. 2024ರಲ್ಲಿ ಲೆಬನಾನಿನ ಮೇಲೆ ಇಸ್ರೇಲಿನ ದಾಳಿ ತೀವ್ರವಾದಾಗ, ಕೆಲವು ಮನೆಯೊಡೆಯರು ಮನೆಗೆಲಸದ ವಲಸೆ ಹೆಣ್ಣುಮಕ್ಕಳನ್ನು ಬೀದಿಯಲ್ಲಿ ಬಿಟ್ಟು, ಇನ್ನು ಕೆಲವರು ಮನೆಯೊಳಗೇ ಬೀಗ ಹಾಕಿ, ತಾವು ಪಾರಾದರೆಂದು ವಿಶ್ವಸಂಸ್ಥೆಯ ವಲಸೆ ಸಂಸ್ಥೆ ತಿಳಿಸಿತು. ಕೆಲಸಗಾರ್ತಿಯ ವಾಸ್ತವ್ಯವನ್ನು ಒಡೆಯನ ಕೈಗೆ ಕಟ್ಟುವ ಕಫಾಲಾ ಪದ್ಧತಿಯಲ್ಲಿ ಪಾಸ್‌ಪೋರ್ಟ್ ಸಹ ಹಲವು ವೇಳೆ ಒಡೆಯನ ಬಳಿಯೇ ಇರುತ್ತದೆ. ಖಾಸಗಿ ವ್ಯಕ್ತಿಗಳು ನಡೆಸುವ ಜನಾಂಗೀಯ ತಾರತಮ್ಯವನ್ನೂ ನಿಲ್ಲಿಸುವ ಹೊಣೆಯನ್ನು 1965ರ ಒಪ್ಪಂದ ಸರ್ಕಾರದ ಮೇಲೆಯೇ ಹೊರಿಸಿದೆ, ಮತ್ತು ಲೆಬನಾನ್ ಅದಕ್ಕೆ ಸೇರಿ ಬದ್ಧವಾಗಿರುವ ದೇಶ.

ಹೊರಡಲು ಅನುಮತಿ ನಿರಾಕರಿಸಿದರೆ ಅದನ್ನು ನ್ಯಾಯಾಲಯವೋ ಆಡಳಿತ ಮಂಡಳಿಯೋ ಆದಷ್ಟು ಬೇಗ ಮರುಪರಿಶೀಲಿಸಬೇಕೆಂದು ಜಿನೀವಾ ಒಪ್ಪಂದದ 35ನೆಯ ವಿಧಿ ಹೇಳುತ್ತದೆ. ರೈಲಿನ ಬಾಗಿಲಲ್ಲಿ ಕೈ ಅಡ್ಡ ಹಿಡಿದ ಕಾವಲುಗಾರ ಲಿಖಿತ ಆದೇಶವನ್ನು ಕೊಡುವುದಿಲ್ಲ, ರೈಲೂ ಕಾಯುವುದಿಲ್ಲ. ಆದ್ದರಿಂದ ತೆರವಿನ ಯೋಜನೆ ಬರೆಯುವಾಗಲೇ ಆದ್ಯತೆಯ ಕ್ರಮವನ್ನು ರಾಷ್ಟ್ರೀಯತೆಯ ಹಂಗಿಲ್ಲದೆ ಲಿಖಿತವಾಗಿ ಗೊತ್ತುಪಡಿಸಿ, ಹಲವು ಭಾಷೆಗಳಲ್ಲಿ ನಿಲ್ದಾಣದ ಗೋಡೆಯ ಮೇಲೆ ಅಂಟಿಸಬೇಕು. ಕಾವಲಿನವನಿಗೂ ಸಾಲಿನಲ್ಲಿ ನಿಂತವನಿಗೂ ಅದು ಒಂದೇ ರೀತಿಯಲ್ಲಿ ಓದಲು ಸಿಗಬೇಕು.

ನಮಸ್ಕಾರ.