ಒದೆತ ಎಲ್ಲಿಗೂ ಹೋಗಲ್ಲ

ನಮಸ್ಕಾರ. ಹಿಂದೆ ಲೇತ್ ಸದ್ದು ಕೇಳಿಸಿದರೆ ಸಹಿಸಿಕೊಳ್ಳಿ. ಹುಬ್ಬಳ್ಳಿ ಗೋಕುಲ ರೋಡಿನ ನಮ್ಮ ಶೆಡ್‌ನಲ್ಲೇ ಕೂತು ಮಾತಾಡುತ್ತಿದ್ದೇನೆ. ಪಕ್ಕದವರಿಗೆ ಇವತ್ತು ಅರ್ಜೆಂಟ್ ಕೆಲಸ ಇದೆಯಂತೆ.

ಹೋದ ವಾರ ಧಾರವಾಡದಿಂದ ಒಬ್ಬ ಹುಡುಗ ಬಂದಿದ್ದ. ಪಾಯಿಂಟ್ 22 ಪಿಸ್ತೂಲಿನಲ್ಲಿ 25 ಮೀಟರ್ ಪ್ರಾಕ್ಟೀಸ್ ಮಾಡುತ್ತಾನೆ. ಫೋನಿನಲ್ಲಿ ಯಾವುದೋ ವಿಡಿಯೋ ತೆರೆದು ನನ್ನ ಮುಂದೆ ಹಿಡಿದ. "ಅಣ್ಣಾರ, ನೀವು ಫಿಟ್ಟರ್ ಅದೀರಿ. ಒಳಗಿನ ಈ ಪಾರ್ಟ್ ಒಂಚೂರು ತಿಕ್ಕಿ ಕೊಡ್ರಿ. ಒದೆಯೋದು ಕಡಿಮಿ ಆಗ್ತೈತಂತ."

ನಾನು ಚಹಾ ತರಿಸಿದೆ. ಪಾರ್ಟ್ ಮುಟ್ಟೋದಿಲ್ಲ ಅಂತಲೂ ಹೇಳಿದೆ. ಅವನ ಮುಖ ಸಣ್ಣದಾಯಿತು. ಅವನಿಗೆ ಅರ್ಧಂಬರ್ಧ ಹೇಳಿದ ಮಾತನ್ನು ಇಲ್ಲಿ ಪೂರ್ತಿ ಹೇಳುತ್ತೇನೆ.

ಒದೆತ ಅಂದರೆ ಗುಂಡು ಹಾರಿದಾಗ ಗನ್ನು ಕೈಯನ್ನು ಹಿಂದಕ್ಕೆ ತಳ್ಳೋದು. ಒಳಗಿನ ಪಾರ್ಟ್ ತಿಕ್ಕಿದರೆ ಅದು ಕಡಿಮೆಯಾಗಲ್ಲ. ಲೆಕ್ಕ ಹಾಕಿ ನೋಡಿ. ಪಾಯಿಂಟ್ 22 ಗುಂಡಿನ ತೂಕ ಸುಮಾರು 2.6 ಗ್ರಾಂ. ಹೊರಡುವ ವೇಗ ಸೆಕೆಂಡಿಗೆ 330 ಮೀಟರ್ ಆಸುಪಾಸು. ಪಿಸ್ತೂಲು ಒಂದು ಕಿಲೋ ಅಂದುಕೊಳ್ಳಿ. ಗುಂಡು ಮುಂದೆ ಹೋದ ತಪ್ಪಿಗೆ ಪಿಸ್ತೂಲು ಸೆಕೆಂಡಿಗೆ ಸುಮಾರು 0.86 ಮೀಟರ್ ವೇಗದಲ್ಲಿ ಹಿಂದೆ ಬರಲೇಬೇಕು. ಸುಟ್ಟ ಮದ್ದಿನ ಗ್ಯಾಸಿನ ತಳ್ಳು ಬೇರೆ. ನೀವು ಸ್ಪ್ರಿಂಗ್ ಬದಲಾಯಿಸಿ, ಸ್ಲೈಡ್ ಕನ್ನಡಿಯ ಹಾಗೆ ಪಾಲಿಶ್ ಮಾಡಿ, ಈ ಲೆಕ್ಕ ಹಾಗೇ ಇರುತ್ತದೆ. ನಳಿಕೆಯ ತುದಿಗೆ ಕಾಂಪೆನ್ಸೇಟರ್ ಹಾಕಿದರೆ ಗ್ಯಾಸನ್ನು ಬೇರೆ ಕಡೆ ತಿರುಗಿಸುತ್ತದೆ, ಗನ್ನಿಗೆ ತೂಕ ಸೇರಿಸಿದರೆ ವೇಗ ಇಳಿಯುತ್ತದೆ. ಅವು ಬೇರೆ ಮಾತು.

ಹಾಗಾದರೆ ಒಳಗಿನ ಪಾರ್ಟ್‌ಗಳು ಮಾಡೋದೇನು? ಬ್ಯಾಡಗಿ ಮಾರ್ಕೆಟ್ಟಿಗೆ ಹೋಗಿ ನೋಡಿ. ಲಾರಿಯ ಮೇಲಿಂದ ಮೆಣಸಿನಕಾಯಿ ಚೀಲ ಬೆನ್ನಿಗೆ ಬೀಳುವಾಗ ಹಮಾಲಿ ಕಂಬದ ಹಾಗೆ ನಿಂತಿರುತ್ತಾನಾ? ಇಲ್ಲ. ಮೊಣಕಾಲು ಸ್ವಲ್ಪ ಬಗ್ಗಿಸಿ, ಚೀಲದ ಜೊತೆಗೇ ಒಂದು ಗೇಣು ಕೆಳಗೆ ಹೋಗಿ, ಆಮೇಲೆ ಏಳುತ್ತಾನೆ. ಚೀಲದ ತೂಕ ಒಂದು ಗ್ರಾಮೂ ಕಡಿಮೆಯಾಗಲಿಲ್ಲ. ಆದರೆ ಸೊಂಟ ಉಳಿಯಿತು. ಸ್ಪ್ರಿಂಗ್ ಮಾಡೋದು ಇಷ್ಟೇ. ಒಂದೇ ಏಟಿಗೆ ಬರುವುದನ್ನು ಸ್ವಲ್ಪ ಹೊತ್ತಿಗೆ ಹಂಚುತ್ತದೆ.

ಹಂಚುವುದರಲ್ಲೇ ಇರುವುದು ಕಷ್ಟ. ಪಾಯಿಂಟ್ 22 ಸ್ಪೋರ್ಟ್ ಪಿಸ್ತೂಲಿನಲ್ಲಿ ಗುಂಡು ಹೊರಟಾಗ ಖಾಲಿ ಕೇಸು, ಅಂದರೆ ಮದ್ದು ತುಂಬಿದ್ದ ಕೊಳವೆ, ಬೋಲ್ಟನ್ನು ಹಿಂದಕ್ಕೆ ತಳ್ಳುತ್ತದೆ. ಬೋಲ್ಟ್ ಅಂದರೆ ನಳಿಕೆಯ ಹಿಂಬಾಗಿಲು ಅಂದುಕೊಳ್ಳಿ. ಎಕ್ಸ್‌ಟ್ರಾಕ್ಟರ್ ಅಂತ ಒಂದು ಸಣ್ಣ ಕೊಕ್ಕೆ ಇರುತ್ತದೆ, ಅದು ಕೇಸಿನ ಅಂಚು ಹಿಡಿದು ಎಳೆಯುತ್ತದೆ. ಎಜೆಕ್ಟರ್ ಅದಕ್ಕೆ ಗುದ್ದಿ ಹೊರಗೆ ಹಾರಿಸುತ್ತದೆ. ಕುಗ್ಗಿದ ಸ್ಪ್ರಿಂಗ್ ಬೋಲ್ಟನ್ನು ಮುಂದಕ್ಕೆ ಒಗೆಯುತ್ತದೆ, ಬೋಲ್ಟ್ ಹೋಗುವ ದಾರಿಯಲ್ಲಿ ಮ್ಯಾಗಜೀನಿನಿಂದ ಮುಂದಿನ ಗುಂಡನ್ನು ಎತ್ತಿಕೊಂಡು ಹೋಗುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಮುಗಿದಿರುತ್ತದೆ. ಸ್ಪ್ರಿಂಗ್ ಬಿಗಿಯಾದರೆ ಬೋಲ್ಟ್ ಪೂರ್ತಿ ಹಿಂದೆ ಹೋಗದೆ ಅರ್ಧಕ್ಕೇ ವಾಪಸ್. ಖಾಲಿ ಕೇಸು ಬಾಗಿಲಲ್ಲೇ ಸಿಕ್ಕಿ ಚಿಮಣಿಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ಸಡಿಲವಾದರೆ ಬೋಲ್ಟ್ ಹಿಂದೆ ಹೋಗಿ ಢಣ್ ಅಂತ ಫ್ರೇಮಿಗೆ ಬಡಿಯುತ್ತದೆ, ಮುಂದೆ ಬರುವಾಗ ಬಾಗಿಲು ಪೂರ್ತಿ ಹಾಕುವ ಕಸುವು ಇರಲ್ಲ.

ಒಂದು ಕಡೆ ಮುಟ್ಟಿದರೆ ಮೂರು ಕಡೆ ಕೆಡುತ್ತದೆ. ವಿಡಿಯೋದವರು ಹೇಳದೇ ಬಿಡೋದು ಇದನ್ನೇ.

ಪಾರ್ಟ್ ಸರಿಮಾಡಿಸಲೇಬೇಕು ಅನ್ನೋದಕ್ಕೆ ಕೆಲವರು ಶೂಟರ್ ಮನು ಭಾಕರ್ ಹೆಸರು ಎತ್ತುತ್ತಾರೆ. ಟೋಕಿಯೋ ಒಲಿಂಪಿಕ್ಸಿನಲ್ಲಿ, 2021ರಲ್ಲಿ, 10 ಮೀಟರ್ ಅರ್ಹತಾ ಸುತ್ತಿನ ನಡುವೆಯೇ ಅವರ ಪಿಸ್ತೂಲು ಕೈಕೊಟ್ಟಿತು. ಎಷ್ಟೋ ನಿಮಿಷ ರಿಪೇರಿಗೇ ಹೋಯಿತು. 575 ಅಂಕ, 12ನೇ ಸ್ಥಾನ, ಫೈನಲ್ ಇಲ್ಲ. ಸಣ್ಣ ಪಾರ್ಟ್ ದೊಡ್ಡ ಆಟ ಕೆಡಿಸುತ್ತದೆ, ಒಪ್ಪಿದೆ. ಅದಕ್ಕೇ ನಾನು ಹೇಳೋದು, ಓಡುತ್ತಿರುವ ಪಾರ್ಟಿಗೆ ಸುಮ್ನೆ ಕೈ ಹಾಕಬೇಡಿ ಅಂತ. ಅದೇ ಆಟದಲ್ಲಿ ಅವರು 2024ರಲ್ಲಿ ಪ್ಯಾರಿಸ್‌ನಲ್ಲಿ ಕಂಚು ಗೆದ್ದರು, ಅದನ್ನೂ ನೆನಪಿಡಿ.

ನಾನೇನು ಸಾಚಾ ಅಲ್ಲ. ನನ್ನ ಏರ್ ಪಿಸ್ತೂಲಿನ ಕಥೆ ಕೇಳಿ. ಟ್ರಿಗರ್ ಗಟ್ಟಿ ಅನಿಸುತ್ತಿತ್ತು. ಎಷ್ಟಾದರೂ ಫಿಟ್ಟರ್ ಅಲ್ವಾ, ಕೈ ಸುಮ್ಮನಿರಲ್ಲ. ಒಂದು ರಾತ್ರಿ ಬಿಚ್ಚಿ, ಆಯಿಲ್ ಸ್ಟೋನ್ ಮೇಲೆ ಸಿಯರ್ ಅನ್ನೋ ಪಾರ್ಟನ್ನು, ಟ್ರಿಗರ್ ಎಳೆಯುವವರೆಗೆ ಹೊಡೆತ ತಡೆದು ಹಿಡಿಯುವ ಕೊಂಡಿಯನ್ನು, ನಾಲ್ಕು ಸಲ ಎಳೆದೆ. ಬೆಣ್ಣೆ! ಮನೆಯವಳನ್ನು ಕರೆದು ತೋರಿಸಿದೆ. ಅವಳು "ಇದಕ್ಕ ಕರದ್ರೇನ?" ಅಂದು ಅಡಿಗೆಮನೆಗೆ ಹೋದಳು. ಇಂಥ ಎಷ್ಟೋ ಪಾರ್ಟ್‌ಗಳಿಗೆ ಮೇಲೆ ಮಾತ್ರ ಗಟ್ಟಿ ಪದರ ಇರುತ್ತದೆ, ಒಳಗೆ ಮೆತ್ತನೆಯ ಕಬ್ಬಿಣ. ನಾನು ಆ ಪದರವನ್ನೇ ತೆಗೆದುಹಾಕಿದ್ದೆ. ದಿನ ಕಳೆದಂತೆ ಅದು ತಾನೇ ಸವೆಯುತ್ತಾ ಹೋಯಿತು. ಮುಂದಿನ ಮ್ಯಾಚಿನಲ್ಲಿ ಚೆಕಿಂಗ್. 10 ಮೀಟರಿನಲ್ಲಿ ಟ್ರಿಗರ್ ಬಿದ್ದುಹೋಗದೆ 500 ಗ್ರಾಂ ತೂಕ ಎತ್ತಬೇಕು. ನನ್ನದು ಎತ್ತಲಿಲ್ಲ. ಮೂರು ಸಲ ನೋಡಿದರು, ಮೂರು ಸಲವೂ ಟಿಕ್ ಅಂತ ಬಿದ್ದುಹೋಯಿತು. ನಿಂತಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಹೊಸ ಪಾರ್ಟ್ ತರಿಸಲು ಕೊಟ್ಟ ದುಡ್ಡಿನಲ್ಲಿ ಒಂದು ಒಳ್ಳೆಯ ವೈಸ್ ಬರುತ್ತಿತ್ತು.

ನನಗೆ ಕೆಲಸ ಕಲಿಸಿದ ಮೇಸ್ತ್ರಿ ಹೇಳುತ್ತಿದ್ದರು: "ತಮ್ಮಾ, ಫೈಲ್ ಹೊಡದು ತಗಿಯೂದು ಯಾರಿಗರ ಬರ್ತೈತಿ. ತಗದದ್ದು ತಿರುಗಿ ಹಚ್ಚೂದು ಯಾರಿಗೆ ಬರ್ತೈತಿ ಹೇಳು." ಹೇಳುತ್ತಲೇ ಎರಡು ಪಾರ್ಟಿನ ನಡುವೆ ಬ್ಲೂ, ಅಂದರೆ ಗುರುತು ಬೀಳುವ ನೀಲಿ ಬಣ್ಣ, ಹಚ್ಚಿ ಕೂಡಿಸಿ, ಬಿಚ್ಚಿ, ಎಲ್ಲಿ ಮುಟ್ಟುತ್ತದೆ ಅಂತ ನೋಡಿಸುತ್ತಿದ್ದರು. ಎರಡರಲ್ಲಿ ಯಾವುದು ಅಗ್ಗವೋ, ಯಾವುದು ಮತ್ತೆ ಸಿಗುತ್ತದೋ, ಅದಕ್ಕೇ ಫೈಲ್. ಇನ್ನೊಂದನ್ನು ಮುಟ್ಟಿದರೆ ಬೈಗುಳ.

ಈಗ ಪಿಸ್ತೂಲಿನಲ್ಲಿ ಅಗ್ಗದ ಪಾರ್ಟ್ ಯಾವುದು? ಹಿಡಿಕೆ. ಕಟ್ಟಿಗೆ.

ನನ್ನ ಪ್ರಕಾರ ಫಿಟ್ಟಿಂಗ್ ಶುರುವಾಗಬೇಕಾದದ್ದು ಅಲ್ಲಿಂದ. ಯಾಕೆಂದರೆ ನಿಮ್ಮ ಕೈಯೂ ಆ ಮೆಷಿನ್ನಿನ ಒಂದು ಪಾರ್ಟ್. ಮಣಿಕಟ್ಟು ಸಡಿಲ ಇದ್ದರೆ ಬೋಲ್ಟ್ ಹಿಂದೆ ಬರುವಾಗ ಫ್ರೇಮೂ ಜೊತೆಗೇ ಹಿಂದೆ ಬರುತ್ತದೆ. ಆಗ ಬೋಲ್ಟಿಗೆ ಪೂರ್ತಿ ದಾರಿ ಸಿಗಲ್ಲ, ಕೇಸು ಸಿಕ್ಕಿಕೊಳ್ಳುತ್ತದೆ. ಬೈಗುಳ ಮಾತ್ರ ಸ್ಪ್ರಿಂಗಿಗೆ! ಹಮಾಲಿ ಬಗ್ಗುತ್ತಾನೆ ನಿಜ, ಆದರೆ ಬೆನ್ನು ಸಡಿಲ ಬಿಡಲ್ಲ. ಬಿಟ್ಟರೆ ಚೀಲ ನೆಲಕ್ಕೆ. ರ‍್ಯಾಪಿಡ್ ಫೈರ್ ಆಟ ನೋಡಿ. ಐದು ಗುರಿ, ಐದು ಗುಂಡು. ಮೊದಲು 8 ಸೆಕೆಂಡು, ಆಮೇಲೆ 6, ಕೊನೆಗೆ 4. ನಮ್ಮ ವಿಜಯ್ ಕುಮಾರ್ 2012ರಲ್ಲಿ ಲಂಡನ್ನಿನಲ್ಲಿ ಬೆಳ್ಳಿ ಗೆದ್ದದ್ದು ಇದರಲ್ಲೇ. ಆ 4 ಸೆಕೆಂಡಿನಲ್ಲಿ ಹಿಡಿತ ಸರಿಮಾಡಿಕೊಳ್ಳುತ್ತಾ ಕೂರಲು ಆಗುತ್ತಾ? ಪ್ರತಿ ಸಲ ಒದ್ದಾಗಲೂ ಗನ್ನು ತಾನಾಗೇ ಅದೇ ಜಾಗಕ್ಕೆ ಬಂದು ಕೂರಬೇಕು. ಅದನ್ನು ಕೂರಿಸೋದು ಹಿಡಿಕೆ.

ಕಬ್ಬಿಣದ ಕೆಲಸ ಬೇಕೇ ಬೇಕಾದರೆ ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಹತ್ತಿರ ಹೋಗಿ. 1959ರ ಆಯುಧ ಕಾಯ್ದೆಯ 5ನೇ ಕಲಮಿನಲ್ಲಿ ತಯಾರಿ, ಮಾರಾಟದ ಸಾಲಿನಲ್ಲೇ ರಿಪೇರಿಯ ಹೆಸರೂ ಇದೆ. ನನ್ನ ಶೆಡ್‌ಗೆ ಆ ಲೈಸೆನ್ಸ್ ಇಲ್ಲ. ಹುಡುಗನಿಗೂ ಇದನ್ನೇ ಹೇಳಿದೆ. ಆಮೇಲೆ ಹೇಳಿದೆ, ರೇಂಜಿನಲ್ಲಿ ಅಂಗೈಗೆ ಚಾಕ್ ಪುಡಿ ಹಚ್ಚಿಕೊಂಡು ಹಿಡಿದು ನೋಡು, ಆಮೇಲೆ ಹಿಡಿಕೆ ಒಂದನ್ನೇ ಬಿಚ್ಚಿ ತಾ, ಗನ್ನು ಬೇಡ.

ನಿನ್ನೆ ತಂದಿದ್ದ. ಕಟ್ಟಿಗೆಯ ಮೇಲೆ ಬಿಳಿ ಗುರುತು ಎರಡೇ ಕಡೆ. ಹೆಬ್ಬೆರಳಿನ ಬುಡದಲ್ಲಿ ಒಂದು, ಕಿರುಬೆರಳಿನ ಹತ್ತಿರ ಒಂದು. ನಡುವೆ ಪೂರ್ತಿ ಖಾಲಿ. ಇಷ್ಟು ದಿನ ಆ ಗನ್ನನ್ನು ಎರಡು ಕಡೆ ಚಿವುಟಿ ಹಿಡಿದುಕೊಂಡು ಹೊಡೆಯುತ್ತಿದ್ದ ಪಾಪ. ಖಾಲಿ ಜಾಗಕ್ಕೆ ಕಟ್ಟಿಗೆಯ ಪುಟ್ಟಿ ತುಂಬಿದ್ದೇನೆ. ಒಣಗಬೇಕು. ಭಾನುವಾರ ಮತ್ತೆ ಚಾಕ್ ಹಚ್ಚಿಕೊಂಡು ಬಾ ಅಂದಿದ್ದೇನೆ.