ಇರಲಿಲ್ಲ, ಇತ್ತಿಜೆ, ವಾಸಂಟ್, ವರಂಟ್

(ಮಂಗಳೂರಿನಲ್ಲಿ ಕಾಲೇಜು ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ.

ಇವತ್ತು ಇಂಗ್ಲಿಷಿನ ಎರಡೇ ಎರಡು ಪದಗಳ ಬಗ್ಗೆ ಮಾತಾಡುತ್ತೇನೆ. ವಾಸಂಟ್ (wasn't) ಮತ್ತು ವರಂಟ್ (weren't), ಅಂದರೆ 'ವಾಸ್ ನಾಟ್', 'ವರ್ ನಾಟ್' ಎಂಬುದರ ಚಿಕ್ಕ ರೂಪಗಳು. ಒಬ್ಬರಾದರೆ ವಾಸ್, ಜಾಸ್ತಿ ಜನರಾದರೆ ವರ್ ಎಂಬ ನಿಯಮ ನಿಮಗೆ ಹೈಸ್ಕೂಲಿನಿಂದಲೇ ಗೊತ್ತು. 'ದೇ ವರ್ ಹಿಯರ್' ಎಂದು ಸರಿಯಾಗಿಯೇ ಹೇಳುತ್ತೀರಿ. ಆದರೆ 'ಇಲ್ಲ' ಅನ್ನಬೇಕಾದಾಗ, ಗಡಿಬಿಡಿಯಲ್ಲಿ, 'ದೇ ವಾಸ್ ನಾಟ್ ಹಿಯರ್' ಎಂದು ಬಾಯಿಗೆ ಬಂದುಬಿಡುತ್ತದೆ. ಯಾಕೆ?

ಕಾರಣ ನಮ್ಮ ಕನ್ನಡದಲ್ಲೇ ಇದೆ ಎಂದು ನನಗೆ ಅನಿಸುತ್ತದೆ. ನಾನು ಇದ್ದೆ, ನಾವು ಇದ್ದೆವು, ಅವನು ಇದ್ದ, ಅವಳು ಇದ್ದಳು, ಅವರು ಇದ್ದರು. ಎಷ್ಟು ರೂಪ ನೋಡಿ! ಈಗ 'ಇಲ್ಲ' ಸೇರಿಸಿ. ನಾನು ಇರಲಿಲ್ಲ, ನಾವು ಇರಲಿಲ್ಲ, ಅವಳು ಇರಲಿಲ್ಲ, ಅವರು ಇರಲಿಲ್ಲ. ಎಲ್ಲವೂ ಒಂದೇ ಆಯಿತು, ಅಲ್ವಾ? ಹಳೆಯ ಕನ್ನಡದಲ್ಲಿ ಹೀಗಿರಲಿಲ್ಲ. ಅರಿಯೆನು, ಅರಿಯೆವು, ಅರಿಯರು ಎಂದು ನಿಷೇಧದಲ್ಲೂ ಯಾರು, ಎಷ್ಟು ಜನ ಎಂಬುದು ತಿಳಿಯುತ್ತಿತ್ತು. ಇವತ್ತಿನ ಮಾತಿನಲ್ಲಿ 'ಇಲ್ಲ' ಬಂತೆಂದರೆ ವಚನ ನೋಡುವ ಅಭ್ಯಾಸವೇ ನಮಗಿಲ್ಲ.

ಇಂಗ್ಲಿಷಿನಲ್ಲೂ ಹೆಚ್ಚಿನ ಕಡೆ ಈ ಚಿಂತೆ ಇಲ್ಲ. ಡಿಡಂಟ್, ಹ್ಯಾಡಂಟ್, ಕುಡಂಟ್ ಯಾರಿಗೂ ಬದಲಾಗುವುದಿಲ್ಲ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಭೂತಕಾಲದ ಕ್ರಿಯಾಪದಗಳಿಗೆ ಏಕವಚನ, ಬಹುವಚನ ಬೇರೆ ಬೇರೆ ಇದ್ದವು. ಸವೆದು ಸವೆದು ಕೊನೆಗೆ ಉಳಿದ ಜೋಡಿ ವಾಸ್ ಮತ್ತು ವರ್ ಒಂದೇ. ಹಾಗಾಗಿ ಕಲಿಯಬೇಕಾದ್ದು ಬಹಳ ಕಡಿಮೆ.

ಇನ್ನು ನನಗೆ ತುಂಬ ಇಷ್ಟವಾದ ವಿಷಯ. ನಿಮ್ಮಲ್ಲಿ ಅನೇಕರು ಮನೆಯಲ್ಲಿ ತುಳು ಮಾತಾಡುವವರು. 'ಆಯೆ ಇಲ್ಲಡ್ ಇತ್ತಿಜೆ', ಅಂದರೆ ಅವನು ಮನೆಯಲ್ಲಿ ಇರಲಿಲ್ಲ. 'ಅಕುಲು ಇಲ್ಲಡ್ ಇತ್ತಿಜೆರ್', ಅಂದರೆ ಅವರು ಇರಲಿಲ್ಲ. ಕೇಳಿಸಿತಾ? ಇತ್ತಿಜೆ, ಇತ್ತಿಜೆರ್. ಕನ್ನಡ ಬಿಟ್ಟುಕೊಟ್ಟ ವ್ಯತ್ಯಾಸವನ್ನು ತುಳು ಇವತ್ತಿಗೂ ಇಟ್ಟುಕೊಂಡಿದೆ. ಬಾಸೆಲ್ ಮಿಷನ್‌ನ ಬ್ರಿಗೆಲ್ ಅವರ ತುಳು ವ್ಯಾಕರಣ 1872ರಲ್ಲಿ ಇದೇ ಮಂಗಳೂರಿನಲ್ಲಿ ಅಚ್ಚಾಯಿತು. ಅದು ಇಂಗ್ಲಿಷಿನಲ್ಲಿ ಬರೆದ ತುಳು ವ್ಯಾಕರಣ. ನಾವು ಅದೇ ದಾರಿಯಲ್ಲಿ ತಿರುಗಿ ನಡೆಯಬಹುದು, ತುಳುವಿನಿಂದ ಇಂಗ್ಲಿಷಿಗೆ. ಬೇರೆ ಜನರ ಬಗ್ಗೆ ಹೇಳುವಾಗ ವರಂಟ್ ಹೇಳಬೇಕೋ ವಾಸಂಟ್ ಹೇಳಬೇಕೋ ಎಂಬ ಅನುಮಾನ ಬಂದರೆ ಆ ವಾಕ್ಯವನ್ನು ಮನಸ್ಸಿನಲ್ಲೇ ತುಳುವಿನಲ್ಲಿ ಹೇಳಿಕೊಳ್ಳಿ. 'ಎರ್' ಕೇಳಿದರೆ ವರಂಟ್. ಇಂಗ್ಲಿಷ್ ಕ್ಲಾಸಿನಲ್ಲಿ ತುಳು ಬೇಡ ಅನ್ನುವವರ ಮಾತನ್ನು ನಾನು ಒಪ್ಪುವುದೇ ಇಲ್ಲ.

ಒಂದು ಕಡೆ ಮಾತ್ರ ಎಚ್ಚರ ಬೇಕು. ಹಿರಿಯರ ಬಗ್ಗೆ ಹೇಳುವಾಗ ಒಬ್ಬರೇ ಇದ್ದರೂ ನಾವು ಬಹುವಚನ ಬಳಸುತ್ತೇವೆ. ತುಳುವಿನಲ್ಲೂ ಹಾಗೆಯೇ, 'ಆರ್ ಇತ್ತಿಜೆರ್'. ಇಂಗ್ಲಿಷಿನಲ್ಲಿ ಅಜ್ಜ ಎಷ್ಟೇ ದೊಡ್ಡವರಾದರೂ 'ಗ್ರ್ಯಾಂಡ್‌ಫಾದರ್ ವಾಸಂಟ್ ಎಟ್ ಹೋಮ್' ಅಷ್ಟೇ. ಅದರಲ್ಲಿ ಅಗೌರವ ಇಲ್ಲ.

'ದೇರ್' ಎಂದು ಶುರುವಾಗುವ ವಾಕ್ಯದಲ್ಲಿ ಮುಂದೆ ಬರುವ ಪದ ನೋಡಬೇಕು. ಮಳೆಗಾಲದ ಮೀನುಗಾರಿಕೆ ನಿಷೇಧದಲ್ಲಿ, ಜೂನ್ ಜುಲೈಯಲ್ಲಿ, ನಮ್ಮ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವುದಿಲ್ಲ. ಆಗಿನ ಕಡಲಿನ ಬಗ್ಗೆ 'ದೇರ್ ವರಂಟ್ ಎನಿ ಟ್ರಾಲರ್ಸ್' ಎನ್ನಬೇಕು. ಟ್ರಾಲರ್ಸ್ ಬಹುವಚನ, ಅದಕ್ಕೇ ವರಂಟ್. ಲಗೇಜ್, ಫರ್ನಿಚರ್ ಎಷ್ಟಿದ್ದರೂ ವಾಸಂಟ್. ಪೊಲೀಸ್ ಪಡೆಯ ಬಗ್ಗೆ ಹೇಳುವಾಗ ವರಂಟ್. 'ಒನ್ ಆಫ್ ಮೈ ಫ್ರೆಂಡ್ಸ್' ಅಂದಾಗ ಲೆಕ್ಕಕ್ಕೆ ಬರುವುದು 'ಒನ್', ಹಾಗಾಗಿ ವಾಸಂಟ್.

ಕೊನೆಗೆ 'ಯೂ'. ಎದುರಿಗೆ ಒಬ್ಬರೇ ಇದ್ದರೂ 'ಯೂ ವರಂಟ್' ಅನ್ನುವುದೇಕೆ ಎಂದು ಬಹಳ ಮಂದಿ ಕೇಳುತ್ತಾರೆ. 'ಯೂ' ಮೂಲತಃ ಬಹುವಚನ. ಒಬ್ಬನಿಗೆ 'ದೌ' ಎನ್ನುತ್ತಿದ್ದರು. ಆಮೇಲೆ ಮರ್ಯಾದೆಗೆ ಒಬ್ಬರಿಗೂ 'ಯೂ' ಎನ್ನತೊಡಗಿದರು, ನಾವು 'ನೀವು' ಅನ್ನುವ ಹಾಗೆಯೇ. ನಿಧಾನಕ್ಕೆ 'ದೌ' ದಿನಬಳಕೆಯಿಂದ ಮರೆಯಾಯಿತು. ಅಜ್ಜನಿಗೆ ಸಿಗದ ಗೌರವದ ಬಹುವಚನ ಇಲ್ಲಿ ಉಳಿದುಕೊಂಡಿದೆ, ಈಗ ಚಿಕ್ಕ ಮಗುವಿಗೂ ಸಲ್ಲುತ್ತದೆ. 18ನೇ ಶತಮಾನದಲ್ಲಿ ಓದಿದವರೂ ಒಬ್ಬರಿಗೆ 'ಯೂ ವಾಸ್' ಎಂದು ಬರೆಯುತ್ತಿದ್ದರು. 1762ರಲ್ಲಿ ರಾಬರ್ಟ್ ಲೌತ್ ತಮ್ಮ ವ್ಯಾಕರಣ ಪುಸ್ತಕದಲ್ಲಿ ಅದು ತಪ್ಪೆಂದು ಖಂಡಿಸಿದರು. ಮುಂದೆ ಶಿಷ್ಟ ಬರವಣಿಗೆಯಿಂದ ಅದು ಬಿದ್ದುಹೋಯಿತು. ಇಂಗ್ಲಿಷಿನ ಕೆಲವು ಆಡುಮಾತುಗಳಲ್ಲಿ ಮಾತ್ರ ಇನ್ನೂ ಕೇಳಲು ಸಿಗುತ್ತದೆ.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ. ತುಳುವಿನಲ್ಲಿ ಕೇಳಿದರೂ ಸಂತೋಷವೇ.